ಜ್ವರಕ್ಕೆ ಕೂತ ಟ್ಯಾಬು

‘ಷರತ್ತುಗಳನ್ನು ಓದಿ ಒಪ್ಪಿದ್ದೇನೆ’ ಎಂದು ಯಾವ ಆ್ಯಪ್ ಕೇಳಿದರೂ ನಿಜವಾಗಿಯೂ ಓದಿ ಒಪ್ಪುವ ವ್ಯಕ್ತಿ ಬಂಡಳ್ಳಿಯಲ್ಲಿ ಒಬ್ಬಳಿದ್ದಾಳೆ. ಅದು ನಾನು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು, ಒಂದು ಹೆಜ್ಜೆ ಬಿಟ್ಟು ಮುಂದಿನದಕ್ಕೆ ಹಾರುವುದು ನನ್ನ ಜಾಯಮಾನವಲ್ಲ. ಆದ್ದರಿಂದ ನನ್ನ ಪುಟ್ಟ ಟ್ಯಾಬನ್ನು ನಾನೇ ಅಪ್‌ಡೇಟ್ ಮಾಡಲು ನಿರ್ಧರಿಸಿದಾಗ ನನಗೆ ಯಾವ ಅಳುಕೂ ಇರಲಿಲ್ಲ. ಇರಬೇಕಿತ್ತು.

ಟ್ಯಾಬು ಮೈಸೂರಿನಲ್ಲಿ ಓದುವಾಗ ಕೊಂಡದ್ದು. ಮದುವೆಯಾಗಿ ಯಳಂದೂರಿನಿಂದ ಇಲ್ಲಿಗೆ ಬರುವಾಗ ಎರಡು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದೆ. ಒಮ್ಮೆ ಬಿದ್ದು ಅದರ ಪವರ್ ಗುಂಡಿ ಒಳಗೆ ಕುಸಿದಿದೆ. ಒತ್ತಬೇಕಾದರೆ ತಲೆಪಿನ್ನು ಬೇಕು. ಚಾರ್ಜ್ ಆಗುವುದು ನಡುಮನೆಯ ಒಂದೇ ಪ್ಲಗ್ಗಿನಲ್ಲಿ, ಅದೂ ವೈರನ್ನು ಸುಮಾರು ಎಪ್ಪತ್ತು ಡಿಗ್ರಿ ಬಗ್ಗಿಸಿ ಇಟ್ಟರೆ. ಇಷ್ಟು ಬಿಟ್ಟರೆ ಆರೋಗ್ಯವಾಗಿತ್ತು.

ಅದರೊಳಗೆ ‘ಗಣಿತ ಸೂತ್ರಗಳು’ ಎಂಬ ಹೆಸರಿನ ಒಂದು ಪಟ್ಟಿ ಇತ್ತು. ಪಟ್ಟಿಯಲ್ಲಿ ಒಂದೂ ಸೂತ್ರವಿರಲಿಲ್ಲ. ನಾನು ಮಾತು ಕಡಿಮೆಯವಳು. ಮನೆಯವರಿಗೆ ಹೇಳಬೇಕು ಅನ್ನಿಸಿದ್ದನ್ನೆಲ್ಲ ಅಲ್ಲಿ ಒಂದೊಂದಾಗಿ ಬರೆದು, ಪ್ರತಿಯೊಂದರ ಪಕ್ಕ ಒಂದು ಖಾಲಿ ಚೌಕ ಇಟ್ಟಿದ್ದೆ. ಹೇಳಿದ ಮೇಲೆ ಚೌಕದಲ್ಲಿ ಗುರುತು ಹಾಕಬೇಕೆಂಬುದು ನಿಯಮ. ಎಂಟು ತಿಂಗಳಲ್ಲಿ ಹದಿನಾಲ್ಕು ಸಂಗತಿಗಳು ಸೇರಿದ್ದವು. ಬಿದ್ದ ಗುರುತುಗಳು ಸೊನ್ನೆ. ಗಣಿತ ಅಂದರೆ ನಮ್ಮ ಮನೆಯಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಪಟ್ಟಿ ಸುರಕ್ಷಿತವಾಗಿತ್ತು.

ಅಪ್‌ಡೇಟಿಗೆ ನಾನು ಆರಿಸಿಕೊಂಡದ್ದು ನಮ್ಮ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತ ದಿನ. ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಒಂದು ದಿನ ಕೂರುತ್ತದೆ. ಇದನ್ನೇ ಜ್ವರ ಎನ್ನುವುದು. ಆಗ ಅದನ್ನು ಮುಟ್ಟುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. ದಿನವಿಡೀ ಸೊಪ್ಪು ಕೊಯ್ದು ಹಾಕುವ ನಮ್ಮತ್ತೆಗೆ ಅದೊಂದೇ ಬಿಡುವು. ಅವತ್ತು ಅವರು ಪಕ್ಕದ ಮನೆಯ ಮಾದೇವಮ್ಮನ ಜೊತೆ ಜಗಲಿಯಲ್ಲಿ ಕೂತು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಹರಕು ಸರಿಮಾಡುತ್ತಿದ್ದರು. ಮನೆಯಲ್ಲಿ ಸದ್ದಿಲ್ಲ. ನಡುಮನೆಯ ಪ್ಲಗ್ಗು ನನ್ನದೇ. ಇದಕ್ಕಿಂತ ಪ್ರಶಸ್ತ ಮುಹೂರ್ತ ಎಲ್ಲಿದೆ!

ಸೂಚನೆಗಳನ್ನು ಎರಡು ಬಾರಿ ಓದಿದೆ. ಜಾಗ ಸಾಲದು ಎಂದಿತು. ಬೇಡದ ಚಿತ್ರಗಳನ್ನು ಅಳಿಸಿದೆ. ‘ಇನ್‌ಸ್ಟಾಲ್’ ಒತ್ತಿದೆ. ಒಂದು ಗೆರೆ ನಿಧಾನವಾಗಿ ತುಂಬತೊಡಗಿತು. ಅರ್ಧ ದಾಟಿ ಅಲ್ಲೇ ನಿಂತಿತು.

ಒಂದು ನಿಮಿಷ ಕಾದು ಮುಟ್ಟಿ ನೋಡಿದೆ. ಇನ್ನೊಂದು ನಿಮಿಷ ಕಾದು ಮತ್ತೆ ಮುಟ್ಟಿದೆ. ಎತ್ತಿ ಬೆಳಕಿಗೆ ಹಿಡಿದೆ. ಮೆಲ್ಲಗೆ ಅಲ್ಲಾಡಿಸಿದೆ. ಎಂ.ಎಸ್ಸಿ.ಯಲ್ಲಿ ಅಲ್ಲಾಡಿಸುವುದನ್ನು ಹೇಳಿಕೊಟ್ಟಿರಲಿಲ್ಲ; ಅದು ನನ್ನ ಸ್ವಂತ ಸಂಶೋಧನೆ. ಅತ್ತೆ ಜಗಲಿಯಿಂದಲೇ ನೋಡಿದರು.

“ಅದ್ಯಾಕವ್ವ ಗಳಿಗೆಗೊಂದ್ ಸಲ ಮುಟ್ತಿದ್ದೀಯೆ? ಜ್ವರಕ್ ಕೂತಿರ್ಬೇಕು. ಬುಡು, ಅದ್ರ ಪಾಡ್ಗೆ ಅದು ಏಳ್ತದೆ.”

ನಾನು ವಿನಯದಿಂದ ಮುಗುಳ್ನಕ್ಕೆ. ಯಂತ್ರಕ್ಕೂ ಹುಳುವಿಗೂ ವ್ಯತ್ಯಾಸವಿದೆ ಎಂದು ಹೇಳಲು ಹೋಗಲಿಲ್ಲ. ಪಟ್ಟಿಗೆ ಹದಿನೈದನೆಯದಾಗಿ ಸೇರಿಸಬಹುದು ಎಂದುಕೊಂಡೆ.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಅಪ್‌ಡೇಟ್ ಆಗುವಾಗ ಟ್ಯಾಬು ತಾನೇ ಆರಿ ಹೊತ್ತಿಕೊಳ್ಳುತ್ತದೆ ಎಂದು ಸೂಚನೆಯಲ್ಲಿತ್ತು, ಎರಡು ಬಾರಿ ಓದಿಯೂ ಇದ್ದೆ. ಆದರೆ ಕಪ್ಪು ಪರದೆ ಕಂಡಾಗ ನನಗೆ ಕಂಡದ್ದು ಒಂದೇ: ಟ್ಯಾಬು ಸತ್ತರೆ ರಿಪೇರಿಗೆ ಹೋಗುತ್ತದೆ, ರಿಪೇರಿಯವನು ಎಲ್ಲವನ್ನೂ ತೆರೆದು ನೋಡುತ್ತಾನೆ. ಗಾಬರಿಯಲ್ಲಿ ತಲೆಪಿನ್ನು ಹಾಕಿ ಪವರ್ ಒತ್ತಿದೆ. ಸದ್ದು ಹೆಚ್ಚಿಸುವ ಗುಂಡಿ, ತಗ್ಗಿಸುವ ಗುಂಡಿ ಎರಡನ್ನೂ ಒಟ್ಟಿಗೆ ಹಿಡಿದು ಹಿಂಡಿದೆ. ಪರದೆ ಬೆಳಗಿತು. ಅದರ ಮೇಲೆ ಉದ್ದವಾದ ಒಂದು ಪ್ರಶ್ನೆ. ಜೀವನದಲ್ಲಿ ಮೊದಲ ಬಾರಿಗೆ ನಾನು ಓದದೆ ‘ಆನ್’ ಒತ್ತಿದೆ.

ಟ್ಯಾಬು ಮಾತಾಡಿತು.

ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಹೆಂಗಸಿನ ಧ್ವನಿ. ನಾನು ಅಭಿಮಾನದಿಂದ ಟ್ಯಾಬಿನ ಭಾಷೆಯನ್ನು ಕನ್ನಡಕ್ಕೆ ಇಟ್ಟಿದ್ದರಿಂದ ಅಚ್ಚ ಕನ್ನಡ. ಗುಂಡಿ ಹಿಂಡಿದ ರಭಸಕ್ಕೆ ಸದ್ದು ತುತ್ತತುದಿಗೆ ಏರಿತ್ತು; ಆ ಗುಂಡಿಗಳನ್ನು ಇನ್ನೊಮ್ಮೆ ಮುಟ್ಟುವ ಧೈರ್ಯ ನನಗಿರಲಿಲ್ಲ. ಎಲ್ಲಿ ಮುಟ್ಟಿದರೂ ಅಲ್ಲಿರುವುದನ್ನು ಓದುತ್ತದೆ, ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಕಣ್ಣು ಕಾಣದವರಿಗಾಗಿ ಮಾಡಿದ ಒಳ್ಳೆಯ ಏರ್ಪಾಟು ಅದು ಎಂದು ಆಮೇಲೆ ತಿಳಿಯಿತು. ಆಗ ಮಾತ್ರ ಟ್ಯಾಬಿಗೆ ಏನೋ ಹಿಡಿದುಕೊಂಡಿದೆ ಎಂದೇ ಎಣಿಸಿದೆ.

“ಮೆಲ್ಗೆ ಕಣವ್ವ, ಉಳ ಜ್ವರಕ್ ಕೂತವೆ” ಎಂದರು ಅತ್ತೆ.

ಹನೂರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ನಮ್ಮವರಿಗೆ ಫೋನ್ ಮಾಡಿ, ಟ್ಯಾಬು ಕೆಟ್ಟಿದೆ ಎಂದಷ್ಟೇ ಹೇಳಿದೆ. ಅವರು ಉದಾರವಾಗಿ, ಊಟಕ್ಕೆ ಬಂದವರು ಹಾಗೇ ಹನೂರಿಗೆ ತಗೊಂಡು ಹೋಗುತ್ತೇನೆ, ಅಲ್ಲಿ ಅವರ ಸ್ನೇಹಿತರ ಮೊಬೈಲ್ ಅಂಗಡಿಯಿದೆ, ಒಳಗಿರುವುದನ್ನೆಲ್ಲ ಒಂದೊಂದಾಗಿ ತೆರೆದು ಪರೀಕ್ಷೆ ಮಾಡಿಕೊಡುತ್ತಾರೆ ಎಂದರು. ಒಂದೊಂದಾಗಿ! ಅವರು ಬರಲು ಇನ್ನು ಅರ್ಧ ಗಂಟೆ. ಅಷ್ಟರೊಳಗೆ ಪಟ್ಟಿ ಅಳಿಸಲೇಬೇಕು.

ಟ್ಯಾಬೇ ಆಗಾಗ ‘ಸಕ್ರಿಯಗೊಳಿಸಲು ಎರಡು ಬಾರಿ ತಟ್ಟಿ’ ಎಂದು ಗುಟ್ಟು ಬಿಟ್ಟುಕೊಡುತ್ತಿತ್ತು. ಅಷ್ಟು ಸಾಕಿತ್ತು. ಆದರೆ ಚಾರ್ಜು ಮುಗಿಯುತ್ತಾ ಬಂದಿದ್ದರಿಂದ ನಡುಮನೆಯ ಪ್ಲಗ್ಗು ಬಿಟ್ಟು ಏಳುವ ಹಾಗಿಲ್ಲ. ನಡುಮನೆಗೂ ಜಗಲಿಗೂ ನಡುವೆ ಇರುವುದು ಒಂದು ತೆರೆದ ಬಾಗಿಲು. ನಾನು ಕ್ರಮಬದ್ಧವಾಗಿ ಯೋಚಿಸಿ ಮಾವನವರ ಕಂಬಳಿ ತಂದೆ. ಬೇಸಿಗೆಯ ಮಧ್ಯಾಹ್ನ ಅದನ್ನು ತಲೆಯಿಂದ ಕಾಲತನಕ ಹೊದ್ದು, ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಂಬಳಿ ಚಳಿ ತಡೆಯುತ್ತದೆ, ಮಳೆ ತಡೆಯುತ್ತದೆ. ಶಬ್ದ ತಡೆಯುವುದಿಲ್ಲ.

ಎರಡು ಬಾರಿ ತಟ್ಟಿದೆ. ಪಟ್ಟಿ ತೆರೆಯಿತು.

‘ಗಣಿತ ಸೂತ್ರಗಳು’ ಎಂದು ಧ್ವನಿ ಘೋಷಿಸಿತು. ‘ಒಂದು. ಅತ್ತೆಯವರ ಹುರುಳಿಕಾಳು ಸಾರಿಗೆ ಉಪ್ಪು ಅರ್ಧ ಚಮಚ ಹೆಚ್ಚು. ಹೇಳುವುದು ಹೇಗೆ? ಗುರುತು ಮಾಡಿಲ್ಲ.’

ಜಗಲಿಯಲ್ಲಿ ಬಿದಿರು ಕುಯ್ಯುವ ಸದ್ದು ನಿಂತಿತು.

ಪಕ್ಕಕ್ಕೆ ಸರಿಸಿದರೆ ಮುಚ್ಚಿಹೋಗುತ್ತದೆ ಎಂದುಕೊಂಡು ಬೆರಳಿನಿಂದ ಸರಿಸಿದೆ. ಟ್ಯಾಬಿನ ಈ ಅವತಾರದಲ್ಲಿ ಪಕ್ಕಕ್ಕೆ ಸರಿಸುವುದೆಂದರೆ ಮುಂದಿನದನ್ನು ಓದು ಎಂದರ್ಥ.

‘ಎರಡು. ನನ್ನ ಬಾಚಣಿಗೆಯನ್ನು ಅತ್ತೆಯವರು ಬಳಸುತ್ತಿದ್ದಾರೆ. ಹೊಸದೊಂದು ತಂದುಕೊಡುವುದು. ಕಾರಣ ಹೇಳದಿರುವುದು. ಗುರುತು ಮಾಡಿಲ್ಲ.’

ಮತ್ತೆ ಸರಿಸಿದೆ, ಈ ಸಲ ಜೋರಾಗಿ.

‘ಮೂರು. ಮಾದೇವಮ್ಮನವರು ಹಸು ಬಾವಿಗೆ ಬಿದ್ದ ಕಥೆಯನ್ನು ಇದುವರೆಗೆ ಒಂಬತ್ತು ಬಾರಿ ಹೇಳಿದ್ದಾರೆ. ಆರನೇ ಸಲದಿಂದ ಹಸುವಿನ ಬಣ್ಣ ಬದಲಾಗಿದೆ. ಗುರುತು ಮಾಡಿಲ್ಲ.’

“ಎಲ್ ಬದ್ಲಾಗದೆ? ಕೆಂದಸನೇ ಕಣವ್ವ ಅದು, ಅವತ್ತೂ ಕೆಂದಸನೇ” ಎಂದು ಜಗಲಿಯಿಂದ ಮಾದೇವಮ್ಮನ ಧ್ವನಿ ಬಂತು. ಅದು ನನಗೆ ಹೇಳಿದ್ದೋ ಟ್ಯಾಬಿಗೆ ಹೇಳಿದ್ದೋ ತಿಳಿಯಲಿಲ್ಲ.

ಪವರ್ ಒತ್ತಿ ಆರಿಸೋಣವೆಂದರೆ ತಲೆಪಿನ್ನು ಕಂಬಳಿಯ ಮಡಿಕೆಗಳಲ್ಲಿ ಎಲ್ಲೋ ಬಿದ್ದುಹೋಗಿತ್ತು. ಒಂದು ಕೈಯಲ್ಲಿ ಅದನ್ನು ತಡಕುತ್ತಾ, ಇನ್ನೊಂದು ಕೈಯಲ್ಲಿ ಪರದೆಯನ್ನು ಉಜ್ಜುತ್ತಾ ಹೋದೆ. ನಾಲ್ಕು, ಐದು, ಆರು. ನಮ್ಮವರು ಸ್ನಾನ ಮಾಡುವಾಗ ಹಾಡುವುದು ನನ್ನನ್ನು ಮೆಚ್ಚಿಸಲೆಂದೇ ಎಂಬ ಅನುಮಾನ, ಶ್ರುತಿಯ ಸ್ಥಿತಿ, ನಿಲ್ಲಿಸಲು ಹೇಳಬಾರದೆಂಬ ನಿರ್ಧಾರ. ಮಾವನವರು ಹಲ್ಲುಜ್ಜುವ ಸದ್ದು ನಲವತ್ತು ಹೆಜ್ಜೆ ದೂರಕ್ಕೆ ಕೇಳುತ್ತದೆಂಬ ಅಳತೆ. ಪ್ರತಿಯೊಂದರ ಕೊನೆಯಲ್ಲಿ, ತೀರ್ಪು ಕೊಡುವ ನ್ಯಾಯಾಧೀಶರ ಗಾಂಭೀರ್ಯದಲ್ಲಿ, ‘ಗುರುತು ಮಾಡಿಲ್ಲ’. ಹೊರಗೆ ಮಾದೇವಮ್ಮ ನಗು ತಡೆಯಲಾರದೆ ಕೆಮ್ಮುತ್ತಿದ್ದರು. ಒಳಗೆ ನಾನು ಬೆವರುತ್ತಾ, ಯಳಂದೂರಿಗೆ ಸಂಜೆ ಬಸ್ಸು ಎಷ್ಟು ಗಂಟೆಗೆ ಎಂದು ಲೆಕ್ಕ ಹಾಕುತ್ತಿದ್ದೆ.

ಪಿನ್ನು ಸಿಕ್ಕಿದ್ದು ಹದಿಮೂರು ಮುಗಿದಾಗ. ಅದನ್ನು ಹಿಡಿದು ಟ್ಯಾಬನ್ನು ತಿರುಗಿಸುವಾಗ ಹೆಬ್ಬೆರಳು ಪರದೆಯ ಮೇಲೆ ಜಾರಿತು.

‘ಹದಿನಾಲ್ಕು. ನಾನು ಈ ಮನೆಗೆ ಬಂದ ಮೊದಲ ವಾರ ಹೊಸ ಸೊಸೆಯನ್ನು ಮಾತಾಡಿಸಲು ಜನ ಬರುತ್ತಿದ್ದರು. ನನಗೆ ಯಾರೊಂದಿಗೂ ಮಾತಾಡಲು ಆಗುತ್ತಿರಲಿಲ್ಲ. ಅತ್ತೆಯವರು ಬಾಗಿಲಲ್ಲಿ ನಿಂತು, ಅವಳಿಗೆ ತಲೆನೋವು, ಮಲಗಿದ್ದಾಳೆ ಎಂದು ಎಲ್ಲರನ್ನೂ ಕಳಿಸಿದರು. ನನಗೆ ತಲೆನೋವಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಇದಕ್ಕೆ ಕೃತಜ್ಞತೆ ಹೇಳಬೇಕು. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಬೇಕು. ಗುರುತು ಮಾಡಿಲ್ಲ.’

ಆಮೇಲೆ ಧ್ವನಿ ನಿಂತಿತು. ಪಟ್ಟಿ ಮುಗಿದಿತ್ತು. ಮಾದೇವಮ್ಮನ ಕೆಮ್ಮೂ ನಿಂತಿತ್ತು. ನಾನು ಕಂಬಳಿಯೊಳಗೆ ಪಿನ್ನು ಹಿಡಿದುಕೊಂಡು ಅಲುಗಾಡದೆ ಕೂತಿದ್ದೆ.

ಅತ್ತೆ ಎದ್ದು ಒಳಗೆ ಬರಲಿಲ್ಲ. ಜಗಲಿಯಿಂದಲೇ, ಸೊಪ್ಪಿನ ವಿಷಯ ಹೇಳುವ ಹಾಗೆ ಹೇಳಿದರು.

“ಜ್ವರಕ್ ಕೂತ ಉಳನ ಯಾರಾದ್ರೂ ಮುಟ್ಟಾರಾ ಮಗ? ಅದಕ್ಕೇ ನಾ ಅವ್ರ್‌ನೆಲ್ಲ ಕಳಿಸ್ದಿ.” ಚಂದ್ರಿಕೆಯನ್ನು ಪಕ್ಕಕ್ಕಿಟ್ಟು, “ಈಚಿಗ್ ಬಾ. ಕಂಬ್ಳಿ ಒಳಗೆ ಬೆಂದೋಗಿದ್ದೀಯೆ” ಎಂದರು.

ಈಚೆಗೆ ಬಂದೆ. ಮಾದೇವಮ್ಮ ನನಗೆ ಸೆರಗಿನಿಂದ ಗಾಳಿ ಬೀಸುತ್ತಾ, ಹಸು ಬಾವಿಗೆ ಬಿದ್ದ ಕಥೆಯನ್ನು ಮೊದಲಿನಿಂದ ಹೇಳಿದರು. ಹತ್ತನೆಯ ಸಲ. ಹಸು ಕೆಂಪಾಗಿತ್ತು.

ಕಥೆಯ ಹಸು ಇನ್ನೂ ಬಾವಿಯಲ್ಲಿರುವಾಗಲೇ ನಮ್ಮವರು ಬೈಕ್ ನಿಲ್ಲಿಸಿ ಬಂದರು. ಟ್ಯಾಬನ್ನು ಕೈಗೆ ತಗೊಂಡರು, ಅದು ‘ಗಣಿತ ಸೂತ್ರಗಳು’ ಎಂದಿತು, ಅವರು ಸದ್ದಿನ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದರು. ಧ್ವನಿ ಅಡಗಿತು. ಡೈರಿಯಲ್ಲಿ ಯಾರದೋ ಫೋನಿಗೂ ಹೀಗೇ ಆಗಿತ್ತಂತೆ. ಮೂರು ಸೆಕೆಂಡಿನ ಕೆಲಸ. ಹನೂರಿಗೆ ಹೋಗುವ ಅಗತ್ಯವೇ ಇರಲಿಲ್ಲ. ಕಂಬಳಿಯ ಅಗತ್ಯವಂತೂ ಯಾವ ಹಂತದಲ್ಲೂ ಇರಲಿಲ್ಲ.

ಟ್ಯಾಬು ಮನೆಯವರ ವಿಷಯವನ್ನೆಲ್ಲ ಓದಿತೆಂಬುದು ಮಾದೇವಮ್ಮನ ಬಾಯಿಂದ ಜಾರಿತು. ನಮ್ಮವರು ಕೈ ತೊಳೆಯುತ್ತಾ, ಏನೇನು ಓದಿತು, ತಮ್ಮ ವಿಷಯವೂ ಇತ್ತಾ ಎಂದು ಅತ್ತೆಯನ್ನು ಕೇಳಿದರು. ನಾನು ನೆಲ ನೋಡಿದೆ. ಮಾದೇವಮ್ಮ ಚಂದ್ರಿಕೆ ನೋಡಿದರು.

“ಇತ್ತು ಕಣ್ಲಾ” ಎಂದರು ಅತ್ತೆ, ಮುಖದ ಒಂದು ಗೆರೆಯನ್ನೂ ಅಲುಗಿಸದೆ. “ನಿನ್ ಆಡು ಬೋ ಚೆಂದಾಗದಂತೆ.”

ಅತ್ತೆ ನನಗಾಗಿ ಹೇಳಿದ ಎರಡನೇ ಸುಳ್ಳು ಅದು. ಅದರ ಫಲವಾಗಿ ನಮ್ಮವರು ಈಗ ಸ್ನಾನಕ್ಕೆ ಮುಂಚೆಯೂ ಹಾಡುತ್ತಾರೆ.

ಅಪ್‌ಡೇಟು ತನ್ನ ಪಾಡಿಗೆ ತಾನು ಯಶಸ್ವಿಯಾಗಿ ಮುಗಿದಿತ್ತು. ಏನು ಬದಲಾಯಿತೆಂದು ಶ್ರದ್ಧೆಯಿಂದ ಹುಡುಕಿದೆ. ಪರದೆಯ ಬಲಗಡೆ ಇದ್ದ ಗಡಿಯಾರ ಎಡಗಡೆಗೆ ಹೋಗಿತ್ತು. ಮರುದಿನ ಬೆಳಿಗ್ಗೆ ಹುಳುಗಳು ಜ್ವರ ಎದ್ದು, ಅತ್ತೆ ಹಾಕಿದ ಸೊಪ್ಪನ್ನು ಹಸಿದವರಂತೆ ಮೇಯುತ್ತಿದ್ದವು. ನಾನು ಅವರ ಪಕ್ಕ ನಿಂತು ಸೊಪ್ಪು ಹರಡುತ್ತಾ, ಹದಿನಾಲ್ಕನೆಯದನ್ನು ನನ್ನ ಬಾಯಿಂದಲೇ ಇನ್ನೊಮ್ಮೆ ಹೇಳಿದೆ. ಟ್ಯಾಬಿನಷ್ಟು ಸ್ಪಷ್ಟವಾಗಿ ಬರಲಿಲ್ಲ, ಅರ್ಧಕ್ಕೆ ತೊದಲಿದೆ. ಅತ್ತೆ “ಊಂ” ಅಂದರು. ಪಟ್ಟಿ ತೆರೆದು ಆ ಚೌಕದಲ್ಲಿ ಗುರುತು ಹಾಕಿದೆ. ಒಂದನೆಯದೂ ತಲುಪಬೇಕಾದವರಿಗೆ ತಲುಪಿದ್ದರಿಂದ ಅದಕ್ಕೂ ಹಾಕಿದೆ. ಎಂಟು ತಿಂಗಳಲ್ಲಿ ಎರಡು!

ಅವತ್ತು ಮಧ್ಯಾಹ್ನ ಹುರುಳಿಕಾಳು ಸಾರು. ಅತ್ತೆ ಚಮಚ ಹಿಡಿದು, ನನ್ನ ಎದುರಿಗೇ, ಸರಿಯಾಗಿ ಅರ್ಧ ಚಮಚ ಉಪ್ಪು ಕಡಿಮೆ ಹಾಕಿದರು. ಎಲ್ಲರೂ ಊಟಕ್ಕೆ ಕೂತೆವು. ಮಾವನವರು ಎರಡು ತುತ್ತು ತಿಂದು ತಟ್ಟೆಯನ್ನೇ ದಿಟ್ಟಿಸಿದರು. ನಮ್ಮವರು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಮಧ್ಯದಲ್ಲಿಟ್ಟರು.

“ಈಗ ಅದ್ವಾಗದಾ ಮಗ?” ಎಂದು ಅತ್ತೆ ಕೇಳಿದರು.

“ಹದವಾಗಿದೆ ಅತ್ತೆ” ಎಂದೆ.

ರಾತ್ರಿ ಪಟ್ಟಿಗೆ ಹೊಸದೊಂದು ಸೇರಿಸಿದೆ. ಹದಿನೈದು. ಉಪ್ಪು ಹೆಚ್ಚಿದ್ದದ್ದು ಅರ್ಧ ಚಮಚವಲ್ಲ, ಕಾಲು ಚಮಚ. ಲೆಕ್ಕ ತಪ್ಪಿದ್ದು ಎಂ.ಎಸ್ಸಿ.ಯವಳದು. ಗುರುತು ಮಾಡಿಲ್ಲ.