ಅರಿಸಿನಕ್ಕೆ ಮೀಟರಿಟ್ಟ ಮಾವ

ಊರಿನವರೆಲ್ಲ ಅರಿಸಿನ ಒಣಗಿಸುತ್ತಾರೆ. ಗುಂಡ್ಲುಪೇಟೆ ಪಕ್ಕದ ನಮ್ಮ ಸೋದರಮಾವ ಅದನ್ನು ವಿಚಾರಣೆಗೆ ನಿಲ್ಲಿಸುತ್ತಾರೆ! ಬೇಯಿಸಿ ಬಿಸಿಲಿಗೆ ಹರಡಿದ ಕೊಂಬನ್ನು ಮುರಿದಾಗ 'ಟಕ್' ಎಂದರೆ ಒಣಗಿತು ಎನ್ನುವುದು ಎಲ್ಲರ ಲೆಕ್ಕ. ಮಾವನಿಗೆ ಆ ಟಕ್ ಸಾಕ್ಷಿಯೇ ಅಲ್ಲ.

"ಸದ್ದ ನಂಬಬ್ಯಾಡ ಕಣಮ್ಮಿ, ಕರೆಂಟ್ ನಂಬು!"

ಅವರು ಕಟ್ಟಿದ್ದು ಸರಳವಾದ ಸರ್ಕಿಟ್. ಒಂಬತ್ತು ವೋಲ್ಟಿನ ಬ್ಯಾಟರಿ, ಹಳೆಯ ಟೇಪ್ ರೆಕಾರ್ಡರಿನಿಂದ ಕಿತ್ತ ಮುಳ್ಳಿನ ಮೀಟರು, ಎರಡು ವೈರು. ಅಳತೆ ಗೊತ್ತಿದ್ದ ರೆಸಿಸ್ಟರುಗಳನ್ನು ಮೊದಲು ಒಂದೊಂದಾಗಿ ಸಿಕ್ಕಿಸಿ, ಮುಳ್ಳು ನಿಂತಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದರು. ಆಮೇಲೆ ವೈರಿನ ತುದಿಗಳನ್ನು ಕೊಂಬಿಗೆ ಒತ್ತಿ ಹಿಡಿಯುವುದು. ಹಸಿಯಿದ್ದರೆ ಕರೆಂಟು ಹರಿದು ಮುಳ್ಳು ಏಳುತ್ತದೆ; ಒಣಗಿದ್ದರೆ ರೆಸಿಸ್ಟೆನ್ಸ್ ಹೆಚ್ಚಿ ಮುಳ್ಳು ಮಲಗುತ್ತದೆ.

ಮಲಗಬೇಕಲ್ಲ! ಚಾಮರಾಜನಗರದಿಂದ ರಜೆಗೆ ಹೋಗಿದ್ದ ನಾನು ದಿನಚರಿಯಲ್ಲಿ ಬರೆದದ್ದು ಇಷ್ಟೇ. ಸೋಮವಾರ: ಹಸಿ. ಮಂಗಳವಾರ: ಹಸಿ. ಬುಧವಾರ: ಬಿಸಿಲಿಗೆ ನಾಯಿಯೂ ಮಂಚದಡಿ ಸೇರಿತು, ಅರಿಸಿನ ಮಾತ್ರ ಹಸಿ!

ಕಷ್ಟವೆಲ್ಲ ಅತ್ತೆಯದು. ಉಮ್ಮತ್ತೂರಿನಲ್ಲಿ ಅವರ ತಂಗಿಗೆ ಮೊಮ್ಮಗು ಹುಟ್ಟಿತ್ತು. ಅರಿಸಿನ ಒಣಗದೆ ಹೊರಡುವಂತಿಲ್ಲ. ದಿನವಿಡೀ ಅದನ್ನು ತಿರುವಿ ಹಾಕುವವರು ಅವರೇ.

"ಇನ್ನೇನು, ಕೂಸು ನಡ್ಯಕ್ ಕಲ್ತು ಅದೇ ನನ್ನ ನೋಡಕ್ ಬತ್ತದೆ ಬುಡಿ!" ಎಂದರು ಅತ್ತೆ.

"ಮೀಟ್ರೇನು ನನ್ ನೆಂಟನಾ, ಹೇಳ್ದಂಗೆ ಕೇಳಕೆ?" ಎಂದರು ಮಾವ.

ಶುಕ್ರವಾರ ನನಗೆ ಹೊಳೆಯಿತು. ಮಾವ ಬೆವರು ಸುರಿಸುತ್ತಾ, ಬೋಳು ವೈರುಗಳನ್ನು ಬರಿಗೈಯಲ್ಲೇ ಒತ್ತಿ ಹಿಡಿಯುತ್ತಿದ್ದರು!

"ಮಾವ, ಕರೆಂಟು ನಿಮ್ಮ ಮೈಯಲ್ಲೇ ಹಾದು ಹೋಗ್ತಾ ಅದೆ. ಹಸಿ ಇರೋದು ಅರಿಸಿನ ಅಲ್ಲ, ನೀವು!"

ಅತ್ತೆಯ ನಗೆಗೆ ಕೋಳಿಗಳು ಚೆಲ್ಲಾಪಿಲ್ಲಿಯಾದವು. ವೈರುಗಳನ್ನು ಬಟ್ಟೆ ಕ್ಲಿಪ್ಪಿನಿಂದ ಕೊಂಬಿಗೆ ಕಚ್ಚಿಸಿದೆ. ಮುಳ್ಳು ಅಲುಗಲಿಲ್ಲ. ಮಾವ ಅಷ್ಟಕ್ಕೆ ಸೋಲೊಪ್ಪುವವರೇ?

"ಯಾರ್ ಹಿಡಿದ್ರೂ ಮುಳ್ಳು ಏಳ್ತದಾ? ನೋಡೇಬುಡನ!"

ನಾನು ಹಿಡಿದೆ, ಎದ್ದಿತು. ಅತ್ತೆ ಹಿಡಿದರು, ಮುಳ್ಳು ಮಲಗಿಯೇ ಇತ್ತು. ಮಾವ ಬ್ಯಾಟರಿ ಕುಲುಕಿದರು, ವೈರು ಎಳೆದು ನೋಡಿದರು. ಎಲ್ಲ ಸರಿಯಿತ್ತು. ಕೊನೆಗೆ ಅತ್ತೆಯ ಅಂಗೈ ತಿರುಗಿಸಿದರು. ಹಳದಿಗಟ್ಟಿದ ಬೆರಳುಗಳು ಒಣಗಿ ಬಿರಿದಿದ್ದವು.

ಮಾವ ಮೀಟರನ್ನು ಬದಿಗಿಟ್ಟರು. ಒಳಗಿನಿಂದ ಕೊಬ್ಬರಿ ಎಣ್ಣೆ ತಂದು, ಜಗಲಿಯ ಮೇಲೆ ಕೂತು, ಒಂದೊಂದೇ ಬೆರಳಿಗೆ ಹಚ್ಚತೊಡಗಿದರು.

"ಬುಡಿ, ಹುಡ್ಗಿ ನೋಡ್ತಾವ್ಳೆ," ಎಂದು ಅತ್ತೆ ಕೈ ಎಳೆದುಕೊಂಡರು.

ಮಾವ ಬಿಡಲಿಲ್ಲ. "ನೋಡ್ಲಿ ಬುಡು. ಬೆಳಗ್ಗೆ ಉಮ್ಮತ್ತೂರಿಗೆ ಹೋಗನ. ಈ ಕೈಲಿ ಎತ್ಕಂಡ್ರೆ ಕೂಸ್ಗೆ ಗೀರ್ಬುಡ್ತದೆ. ಸುಮ್ನೆ ಕೂತ್ಕ."