ಹೊಗೆ ಕಮ್ಮಿಯ ಕಾರು

ಕಚೇರಿಯ ಅಂಗಳದಲ್ಲಿ ಚಾವಣಿಯಿರುವ ಪಾರ್ಕಿಂಗ್ ಜಾಗ ಒಂದೇ ಒಂದು. ಯಾರ ಕಾರು ಕಮ್ಮಿ ಹೊಗೆ ಬಿಡುತ್ತದೋ ಆ ಜಾಗ ಅವರಿಗೆ ಎಂದು ಮ್ಯಾನೇಜರು ಹೇಳಿದ್ದೇ ತಡ, ಸ್ಟೋರಿನ ಗುಮಾಸ್ತನ ನಿದ್ದೆ ಹಾರಿಹೋಯಿತು. ಬಿಸಿಲಲ್ಲಿ ಬೆಂದ ಕಾರಿನೊಳಗೆ ಕೂತು ಕೂತು ಅವನಿಗೆ ಸಾಕಾಗಿತ್ತು. ಹಳೆಯ ಪೆಟ್ರೋಲ್ ಕಾರು ಮಾರಿ, ಹೆಂಡತಿಯ ಕೈಲಿ ಬೈಸಿಕೊಂಡು, ಹೈಬ್ರಿಡ್ ಕಾರು ತಂದ.

ತೀರ್ಮಾನದ ದಿನ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಹೇಳದೆ ಕೇಳದೆ ಮುಂದಿನ ಸೀಟು ಹತ್ತಿದರು. ಕಚೇರಿಯ ಹತ್ತಿರದ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಇಂಜಿನ್ನೂ ತೆಪ್ಪಗಾಯಿತು.

"ಕೆಟ್ಟೋಯ್ತು," ಎಂದರು ಡ್ರೈವರು.

"ಇಲ್ಲ ಯಜಮಾನ್ರೇ, ನಿಂತಾಗ ಇಂಜಿನ್ ತಾನೇ ಆಫ್ ಆಗುತ್ತೆ. ಸುಮ್ನೆ ಪೆಟ್ರೋಲ್ ಸುಡಲ್ಲ. ಹೊರಟಾಗ ಬ್ಯಾಟರಿ ಮೇಲೆ ಹೋಗುತ್ತೆ."

"ಜೀವಮಾನ ಪೂರ್ತಿ ಬಸ್ ಓಡ್ಸಿದೋನಿಗೆ ಹೇಳ್ಕೊಡ್ತೀಯಾ? ನ್ಯೂಟ್ರಲ್‌ಗೆ ಹಾಕು."

ಹಿರಿಯರಿಗೆ ಎದುರಾಡಿ ಗೊತ್ತಿಲ್ಲದ ಗುಮಾಸ್ತ ಹಾಕಿದ. ಡ್ರೈವರು ಇಳಿದು ದಾರಿಹೋಕರನ್ನು ಸೇರಿಸಿ ತಳ್ಳತೊಡಗಿದರು. ಬ್ರೇಕ್ ಒತ್ತಿದರೆ ಹಿಂದಿನವರ ಮೂಗು ಜಜ್ಜೀತೆಂದು ಹೆದರಿ ಗುಮಾಸ್ತ ಕಚೇರಿಯ ಗೇಟಿನ ತನಕ ಮದುಮಗನ ಹಾಗೆ ತಲೆತಗ್ಗಿಸಿ ಕೂತಿದ್ದ.

ಅಲ್ಲಿ ಮ್ಯಾನೇಜರು ನಿಂತಿದ್ದರು. ಅವರ ಪಕ್ಕದಲ್ಲಿ ದೊಡ್ಡ ಪೆಟ್ರೋಲ್ ಕಾರಿನ ಒಡೆಯ ಕ್ಯಾಷಿಯರು. "ತಳ್ಳೋ ಗಾಡಿಗೆ ನೆರಳು ಬೇರೆ ಕೇಡು," ಎಂದ ಕ್ಯಾಷಿಯರು.

ಗುಮಾಸ್ತನಿಗೆ ಅಳು ಬರುವುದೊಂದು ಬಾಕಿ. "ಇದು ಬ್ರೇಕ್ ಹಾಕಿದಾಗೆಲ್ಲ ಬ್ಯಾಟರಿ ತುಂಬಿಸ್ಕೊಳ್ಳುತ್ತೆ ಸಾರ್. ನಿಂತು ನಿಂತು ಹೋಗೋ ಊರೊಳಗಿನ ರಸ್ತೇಲಿ ಪೆಟ್ರೋಲ್ ಕಾರಿಗಿಂತ ಎಷ್ಟೋ ಕಮ್ಮಿ ಸುಡುತ್ತೆ," ಎಂದು ಮ್ಯಾನೇಜರನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ. ಮ್ಯಾನೇಜರು ಇಳಿದು, ಬಗ್ಗಿ, ಹೊಗೆಕೊಳವೆಯನ್ನು ಮೂಸಿ ನೋಡಿದರು.

"ಜಾಗ ನಿನ್ನದೇ."

ಗುಮಾಸ್ತನ ಖುಷಿಗೆ ಎಣೆಯಿರಲಿಲ್ಲ. ಕಾರನ್ನು ನೆರಳಿಗೆ ಬಿಟ್ಟು, ಒಳಗೆ ಹೋಗಿ ಇನ್ನೂ ಕುರ್ಚಿ ಎಳೆದುಕೊಂಡಿರಲಿಲ್ಲ, ಮ್ಯಾನೇಜರು ಕರೆದರು.

"ಇಂಥ ಕಾರು ಇರುವಾಗ ಕಚೇರಿ ಓಡಾಟಕ್ಕೆಲ್ಲ ಕ್ಯಾಷಿಯರ್ ಕಾರು ಹೊಗೆ ಉಗುಳ್ತಾ ಹೋಗೋದು ತಪ್ಪಲ್ವೇನಯ್ಯ? ಇನ್ಮೇಲೆ ನೀನೇ ಹೋಗು. ಮೊದಲು ಬ್ಯಾಂಕು."

ಬ್ಯಾಂಕಾದ ಮೇಲೆ ಗೋದಾಮು, ಗೋದಾಮಾದ ಮೇಲೆ ಅಚ್ಚುಕೂಟ. ಸುತ್ತಿ ಸುಣ್ಣವಾಗಿ ಮೂರನೇ ಸಲ ಹಿಂತಿರುಗಿದಾಗ ಚಾವಣಿಯ ಕೆಳಗೆ ಕ್ಯಾಷಿಯರಿನ ಪೆಟ್ರೋಲ್ ಕಾರು ತಣ್ಣಗೆ ನಿಂತಿತ್ತು.

"ಇದು ನನ್ನ ಜಾಗ," ಎಂದ ಗುಮಾಸ್ತ.

"ಆಗಿತ್ತು. ನೀನು ಬೆಳಿಗ್ಗೆಯಿಂದ ಊರೆಲ್ಲ ಸುತ್ತಿದ್ದೀಯ. ನನ್ನ ಕಾರು ಗೇಟು ಕೂಡ ದಾಟಿಲ್ಲ. ಇವತ್ತು ಯಾರ ಕಾರಿನ ಹೊಗೆ ಕಮ್ಮಿ, ನೀನೇ ಹೇಳು. ಸಾಹೇಬರೂ ಒಪ್ಪಿದ್ರು," ಎಂದ ಕ್ಯಾಷಿಯರು.

ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಕಿಟಕಿಯಿಂದ ಮ್ಯಾನೇಜರ ದನಿ ಕೇಳಿಸಿತು.

"ಇಳೀಬೇಡಯ್ಯ, ಹಾಗೇ ರೈಲ್ವೆ ಸ್ಟೇಷನ್ನಿಗೆ ಹೋಗಿ ಬಾ."