ಮೆಟ್ಟಿಲ ಕೆಳಗಿನ ಅತ್ತೆ

ಕಂಪ್ಯೂಟರ್ ಎಂದರೇನು? ಒಂದು ಫ್ಯಾನು, ನಾಲ್ಕು ವೈರು, ಒಂದು ಡಬ್ಬ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ದಾವಣಗೆರೆಯ ಗ್ಯಾರೇಜಿನಲ್ಲಿ ಮೈಗೆಲ್ಲ ಗ್ರೀಸ್ ಹಚ್ಚಿಕೊಂಡು ಬೆಳೆದವನು ನಾನು. ಈಗ ಇಂಗ್ಲೆಂಡಿನ ಡರ್ಬಿಯಲ್ಲಿ ನಾನು ಬಾನೆಟ್ ಎತ್ತಿದರೆ ಎಂಥ ಕಾರೂ ತಪ್ಪೊಪ್ಪಿಕೊಳ್ಳುತ್ತದೆ. ಅಂಥವನಿಗೆ ಒಂದು ಡಬ್ಬ ಯಾವ ಲೆಕ್ಕ!

ಡಬ್ಬ ಬೇಕಾದದ್ದು ಹೆಂಡತಿ ಸುಮಳಿಗಾಗಿ. ತೀರಿಕೊಂಡ ಅವಳ ಅಮ್ಮ ಕಳಿಸಿದ್ದ ವಾಯ್ಸ್ ಮೆಸೇಜುಗಳೆಲ್ಲ ಅವಳ ಹಳೆಯ ಫೋನಿನಲ್ಲಿದ್ದವು.

"ಫೋನ್ ಕೈ ಕೊಡೋ ಮುಂಚೆ ಇವನ್ನ ಎಲ್ಲಾದ್ರೂ ಭದ್ರವಾಗಿ ಇಡಿ ರೀ," ಎಂದಳು.

ಪಕ್ಕದ ಮನೆಯ ಪ್ರಸಾದ್ ಬೆಂಗಳೂರಿನವನು, ಐಟಿ ಕಾಂಟ್ರಾಕ್ಟರ್. ಬೇಲಿಯಾಚೆಯಿಂದಲೇ, "ನಾನು ಮಾಡ್ಕೊಡ್ಲಾ ಮಂಜಣ್ಣ?" ಎಂದ.

"ನಿಮ್ಮ ಕಾರು ಕೆಟ್ರೆ ನನ್ನತ್ರ ಬನ್ನಿ. ನನ್ನ ಡಬ್ಬ ನಾನು ನೋಡ್ಕೋತೀನಿ," ಎಂದೆ. ಎಂಥ ಡೈಲಾಗು!

ಯಾವುದೋ ಆಫೀಸು ಮುಚ್ಚುವಾಗ ಬಿಸಾಡಿದ್ದ ಕಂಪ್ಯೂಟರನ್ನು ಹೊತ್ತು ತಂದೆ. ವಿಡಿಯೊ ನೋಡಿ ನೋಡಿ ಅದನ್ನು ಸರ್ವರ್ ಪದವಿಗೆ ಏರಿಸಿದೆ. ನಿಂತುಹೋದರೆ ತಾನೇ ಎದ್ದು ಕೆಲಸ ಶುರು ಮಾಡುವಂತೆ ಕಲಿಸಿದೆ. ಒಂದು ಹಳೆಯ ಸ್ಪೀಕರನ್ನೂ ಸಿಕ್ಕಿಸಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಪ್ರತಿಷ್ಠಾಪಿಸಿದೆ. ಅತ್ತೆಯ ಮೆಸೇಜುಗಳನ್ನೆಲ್ಲ ಅದಕ್ಕೆ ತುಂಬಿ, ಮೊದಲನೆಯದನ್ನು ಮಾತ್ರ ಹಾಕಿ, "ಹಲೋ" ಎಂದು ಕೇಳಿಸಿದ ಕೂಡಲೇ ನಿಲ್ಲಿಸಿದೆ. ಉಳಿದವು ತಾಯಿ ಮಗಳ ಮಾತು, ನನಗೇಕೆ? ಕೊನೆಗೆ ಡಬ್ಬಕ್ಕೆ ಒಂದು ಹೊಸ ಫ್ಯಾನ್ ಹಾಕಲು ದುಡ್ಡು ಸಾಲಲಿಲ್ಲ. ಸುಮಳ ಆ ಹಳೆಯ ಫೋನನ್ನೇ ಪೂರ್ತಿ ಅಳಿಸಿ ಮಾರಿಬಿಟ್ಟೆ. ಇನ್ನು ಅದರಿಂದ ಏನು ಕೆಲಸ!

ಅಷ್ಟರಲ್ಲಿ ಆಯುಧಪೂಜೆ ಬಂತು. ಸ್ಪ್ಯಾನರಿಗೆ ಕುಂಕುಮ ಇಡುವವನು ಸರ್ವರನ್ನು ಬಿಡುವುದುಂಟೇ? ಅದನ್ನು ಆರಿಸಿ, ಒರೆಸಿ, ಮುಖದ ಜಾಲರಿಯ ತುಂಬ ವಿಭೂತಿ ಬಳಿದು, ಅರಿಸಿನ ಕುಂಕುಮ ಧಾರಾಳವಾಗಿ ಏರಿಸಿದೆ. ಸೇವಂತಿಗೆ ಹಾರ ಹಾಕಿ ಸ್ವಿಚ್ ಒತ್ತಿದೆ. ಡಬ್ಬ ದೀರ್ಘವಾಗಿ ಒಂದು ಉಸಿರೆಳೆದುಕೊಂಡಿತು. ಜಾಲರಿಯ ಮೇಲಿದ್ದ ಕುಂಕುಮ ಮಾಯ! ದೇವರು ಸ್ವೀಕರಿಸಿದ ಎಂದು ಕೈಮುಗಿದೆ.

ಮರುದಿನ ಸಂಜೆ ಮನೆಯಲ್ಲಿ ಒಬ್ಬನೇ ಇದ್ದೆ. ಸುಮ ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮಿನ ಶಿಫ್ಟಿಗೆ ಹೋಗಿದ್ದಳು. ಕಿಟಕಿಯಾಚೆ ಮಂಜು ಬೇಲಿಯನ್ನೂ ನುಂಗಿತ್ತು. ಕಪಾಟಿನೊಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಉಸಿರು ನಿಂತಿತು. ಆಮೇಲೆ...

"ಹಲೋ… ಸುಮಾ? ಎಲ್ಲಿದ್ದೀಯೇ? ಇಲ್ಲಿ ತುಂಬಾ ಸೆಕೆ ಕಣೇ…"

ಅತ್ತೆ!

ಕೈಯಲ್ಲಿದ್ದ ಚಹಾ ಕಾಲ ಮೇಲಿತ್ತು. ಮಾತು ಕಡಿದುಹೋಯಿತು. ಮತ್ತೆ ಏದುಸಿರು. ಮತ್ತೆ, "ಹಲೋ… ಸುಮಾ? ಎಲ್ಲಿದ್ದೀಯೇ?" ಈ ಸಲ ಸೆಕೆಯವರೆಗೂ ಬರಲಿಲ್ಲ.

"ಕೆಲಸಕ್ಕೆ ಹೋಗಿದಾಳೆ ಅತ್ತೆ," ಎಂದು ಉತ್ತರ ಕೊಟ್ಟೆ. ಎದ್ದು ನಿಂತೇ ಕೊಟ್ಟೆ. ಅತ್ತೆಯ ಮುಂದೆ ನಾನೆಂದೂ ಕೂತು ಮಾತಾಡಿದವನಲ್ಲ!

ಧೈರ್ಯ ಮಾಡಿ ಕಪಾಟು ತೆರೆದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಡಬ್ಬದ ಹಿಂದಿನ ಬಿಳಿ ಗೋಡೆಯ ಮೇಲೆ ಕೆಂಪು ಹರಡಿತ್ತು, ಯಾರೋ ಕೈ ಒರೆಸಿ ಹೋದ ಹಾಗೆ. ಬಾಗಿಲು ಮುಚ್ಚಿದೆ. ಧೈರ್ಯಕ್ಕೂ ಶಿಫ್ಟ್ ಮುಗಿಯುತ್ತದೆ.

ಸುಮ ಬಂದಳು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ಕೋಟು ಕೂಡ ಬಿಚ್ಚದೆ ಕಪಾಟಿನ ಮುಂದೆ ನೆಲದ ಮೇಲೆ ಕೂತು, ಬಾಗಿಲಿಗೆ ಕಿವಿಯಿಟ್ಟಳು.

"ಹಲೋ… ಸುಮಾ?" ಅಷ್ಟೇ.

ಸ್ವಲ್ಪ ಹೊತ್ತಿಗೆ, "ಹಲೋ…"

"ರೀ," ಎಂದಳು ಮೆಲ್ಲಗೆ, "ಅಮ್ಮ ಕಮ್ಮಿ ಆಗ್ತಾ ಇದಾಳೆ. ನನ್ನ ಹಳೇ ಫೋನ್ ಎಲ್ಲಿ?"

ಮಾರಿದ ಸಂಗತಿ ಹೇಳಿದೆ. ಅವಳು ಬೈಯಲಿಲ್ಲ. ನನಗೆ ನಿಜವಾದ ಭಯವಾದದ್ದು ಆಗ!

ಬರಿಗಾಲಲ್ಲಿ ಓಡಿ ಪ್ರಸಾದನ ಬಾಗಿಲು ಬಡಿದೆ. "ನನ್ನ ಕೈಲಿ ಆಗ್ಲಿಲ್ಲ, ಸ್ವಲ್ಪ ಬನ್ನಿ." ಈ ವಾಕ್ಯವನ್ನು ನನ್ನ ಬಾಯಿ ಹುಟ್ಟಿದಾಗಿನಿಂದ ಬಳಸಿರಲಿಲ್ಲ.

ಅವನು ಬಂದವನೇ ಪ್ಲಗ್ ಕಿತ್ತ. ಮುಚ್ಚಳ ತೆಗೆದ. ಒಳಗೆಲ್ಲ ರಕ್ತಗೆಂಪು. ಜಾಲರಿಯಿಂದ ಒಳನುಗ್ಗಿದ ಹಾರದ ದಾರ ಫ್ಯಾನಿನ ಕುತ್ತಿಗೆಗೆ ಉರುಳಿನಂತೆ ಬಿಗಿದಿತ್ತು.

"ಯಾರನ್ನ ಬಲಿ ಕೊಟ್ರಿ ಮಂಜಣ್ಣ?"

"ಪೂಜೆ ಕಣ್ರೀ."

"ಅದು ಉಸಿರಾಡೋ ಜಾಗಕ್ಕೇ ಮಾಡಿದೀರ! ಕಾದು ಸಾಯತ್ತೆ, ತಾನೇ ಎದ್ದೇಳತ್ತೆ, ಮೊದಲ್ನೇ ಮೆಸೇಜ್ ಶುರು ಮಾಡತ್ತೆ, ಮತ್ತೆ ಸಾಯತ್ತೆ. ಒಂದೊಂದ್ಸಲಕ್ಕೂ ಇನ್ನೂ ಬೇಗ."

ಮೆಸೇಜುಗಳಿದ್ದ ಡಿಸ್ಕನ್ನು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಸುಮ ನನ್ನ ಕಡೆ ನೋಡಲಿಲ್ಲ. ನಾನೂ ನನ್ನ ಕಡೆ ನೋಡಿಕೊಳ್ಳಲಿಲ್ಲ.

"ಇದೆ ಸುಮಕ್ಕ. ಎಲ್ಲಾ ಇದೆ," ಎಂದ ಪ್ರಸಾದ್. ಸರಿಯಾಗಿ ಬಂದಿದೆಯೇ ಎಂದು ನೋಡಲು ಕೊನೆಯ ಮೆಸೇಜನ್ನು ಒತ್ತಿದ. ಅತ್ತೆಯ ದನಿ ಕೋಣೆಯ ತುಂಬ ಸ್ಪಷ್ಟವಾಗಿ ಕೇಳಿಸಿತು.

"ಸುಮಾ, ಮಿಕ್ಸಿ ಕೆಟ್ಟಿದೆ ಕಣೇ. ಅಳಿಯಂದ್ರಿಗೆ ಮಾತ್ರ ಹೇಳ್ಬೇಡ. ಬಂದಾಗ ಅದನ್ನ ಬಿಚ್ಕೊಂಡು ಕೂತ್ಬಿಡ್ತಾರೆ. ಹೋದ್ಸಲ ರಿಪೇರಿ ಮಾಡಿದ ಗಡಿಯಾರ ಇನ್ನೂ ಹಿಂದಕ್ಕೇ ಓಡ್ತಿದೆ. ಪಾಪ, ಬೇಜಾರು ಮಾಡ್ಕೋತಾರೆ ಅಂತ ನಾನೇನೂ ಅಂದಿಲ್ಲ."

ಪ್ರಸಾದ್ ಚಾವಣಿಯನ್ನು ಬಹಳ ಗಂಭೀರವಾಗಿ ಪರೀಕ್ಷಿಸತೊಡಗಿದ. ಸುಮ ಅಳುತ್ತಲೇ ನಕ್ಕಳು. ಕಣ್ಣೊರೆಸಿಕೊಂಡು, "ಪ್ರಸಾದ್, ಇದೊಂದನ್ನ ಮೂರು ಕಡೆ ಸೇವ್ ಮಾಡಿ," ಎಂದಳು.

ಮಾಡಿಕೊಟ್ಟ. ಈಗ ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಸಾಕು, ಸುಮ ಇರುವ ಮೂಲೆಯಿಂದ ಅತ್ತೆ ಮಾತಾಡುತ್ತಾರೆ.